ಗಾಜಿನ ತೊಟ್ಟಿಯಲ್ಲಿ ಬಾಣಂತನ

ರಾತ್ರಿ ಟ್ಯಾಂಕಿನ ತುಂಬ ಓಡಾಡಿಕೊಂಡಿದ್ದ ಮೀನುಗಳೆಲ್ಲ ಬೆಳಗಾಗುವಷ್ಟರಲ್ಲಿ ಫಿಲ್ಟರಿನ ಕೆಳಗಿನ ಒಂದೇ ಮೂಲೆಗೆ ಒತ್ತರಿಸಿ ನಿಂತಿರುತ್ತವೆ. ಟೆಟ್ರಾಗಳ ಬಾಲ ಹರಿದಿದೆ. ಒಂದು ಬಾರ್ಬ್ ಮೇಲ್ಮೈಗೆ ಮೂತಿ ತಾಗಿಸಿಕೊಂಡು ಅಲ್ಲಾಡದೆ ನಿಂತಿದೆ. ಹೊಸದಾಗಿ ಮೀನು ಸಾಕಲು ಶುರುಮಾಡಿದವರು ಇದನ್ನು ಕಂಡು ಯಾವುದೋ ರೋಗ ಬಂದಿರಬೇಕೆಂದು ನೀಲಿ ಔಷಧಿ ತರಲು ಅಂಗಡಿಗೆ ಓಡುತ್ತಾರೆ. ಪಳಗಿದವರು ಗುಂಪುಗೂಡಿದ ಮೀನುಗಳನ್ನು ಬಿಟ್ಟು ಖಾಲಿ ಬಿದ್ದಿರುವ ಮುಕ್ಕಾಲು ಟ್ಯಾಂಕನ್ನು ನೋಡುತ್ತಾರೆ. ಅಲ್ಲಿ ಒಡೆದ ಹೂಕುಂಡದ ಬಾಯಿಯ ಹತ್ತಿರ ಎರಡೇ ಎರಡು ಮೀನು ಕಾವಲು ಕಾಯುತ್ತಿರುತ್ತವೆ. ಒಳಗೆ ಮೊಟ್ಟೆ ಬಿದ್ದಿದೆ.

ಕಾವಲಿಗೆ ನಿಂತವು ಸಿಕ್ಲಿಡ್ ಕುಟುಂಬದ ಮೀನುಗಳು. ವಿಜ್ಞಾನಿಗಳು ಈವರೆಗೆ ಹೆಸರಿಟ್ಟಿರುವ ಸಿಕ್ಲಿಡ್ ಪ್ರಭೇದಗಳೇ 1,700ರ ಆಸುಪಾಸಿನಲ್ಲಿವೆ, ಹೆಸರಿಗಾಗಿ ಕಾಯುತ್ತಿರುವವು ಇನ್ನೂ ನೂರಾರು. ಆಫ್ರಿಕ, ದಕ್ಷಿಣ ಅಮೆರಿಕ ಮತ್ತು ಮಧ್ಯ ಅಮೆರಿಕ ಇವುಗಳ ಮುಖ್ಯ ನೆಲೆ. ಉದ್ದುದ್ದ ರೆಕ್ಕೆ ಬಿಚ್ಚಿಕೊಂಡು ತೇಲುವ ಏಂಜೆಲ್, ಚಪ್ಪಟೆ ಮೈಯ ಡಿಸ್ಕಸ್, ಮಾಲೀಕರ ಕೈಯಿಂದಲೇ ಆಹಾರ ಕಸಿಯುವ ಆಸ್ಕರ್, ಹಣೆ ಉಬ್ಬಿದ ಫ್ಲವರ್‌ಹಾರ್ನ್ ಎಲ್ಲವೂ ಈ ಕುಟುಂಬದವೇ. ಅಷ್ಟೇಕೆ, 1952ರಲ್ಲಿ ಭಾರತಕ್ಕೆ ತಂದ, ಈಗ ಕೆರೆಕೆರೆಯಲ್ಲೂ ತುಂಬಿಕೊಂಡಿರುವ, ಸಂತೆಯಲ್ಲಿ ಜಿಲೇಬಿ ಎಂದು ಮಾರುವ ತಿಲಾಪಿಯಾ ಕೂಡ ಸಿಕ್ಲಿಡ್ಡೇ.

ಮನೆಯ ಅಕ್ವೇರಿಯಂನಲ್ಲಿ ಸಾಕುವ ಮೀನುಗಳಲ್ಲಿ ಬಹಳಷ್ಟಕ್ಕೆ ಮಕ್ಕಳ ಗೊಡವೆ ಇಲ್ಲ. ಗೋಲ್ಡ್ ಫಿಶ್ ಮೊಟ್ಟೆ ಚೆಲ್ಲಿ ಹೋಗುತ್ತದೆ, ಮತ್ತೆ ತಿರುಗಿ ಬಂದರೆ ಅದನ್ನೇ ತಿನ್ನುತ್ತದೆ. ಜೀಬ್ರಾ ಡೇನಿಯೊ ಕೂಡ ಹಾಗೆಯೇ. ಗಪ್ಪಿ ಮರಿಯನ್ನೇ ಹೆರುತ್ತದಾದರೂ ಹೆತ್ತ ಮರುಗಳಿಗೆಯಲ್ಲಿ ನುಂಗಲು ಹಿಂಜರಿಯುವುದಿಲ್ಲ. ಸಿಕ್ಲಿಡ್ ಮಾತ್ರ ಮೊಟ್ಟೆಗೆ ರೆಕ್ಕೆಯಿಂದ ಗಾಳಿ ಬೀಸುತ್ತದೆ, ಕೆಟ್ಟ ಮೊಟ್ಟೆ ಆರಿಸಿ ತೆಗೆಯುತ್ತದೆ, ಮರಿಗಳನ್ನು ಹಿಂಡು ಕಟ್ಟಿಕೊಂಡು ಮೇಯಿಸುತ್ತದೆ. ಜನ ಇದನ್ನು ಸಾಕಲು ಆಸೆಪಡುವುದು ಈ ಮಮತೆಯನ್ನು ನೋಡುವುದಕ್ಕಾಗಿ. ಮಿಕ್ಕ ಮೀನುಗಳು ಮೂಲೆ ಸೇರುವುದಕ್ಕೂ ಈ ಮಮತೆಯೇ ಕಾರಣ. ಹತ್ತು ಜಾತಿಯ ಮೀನು ಒಟ್ಟಿಗಿರುವ, ಅಂಗಡಿಯವರು ಕಮ್ಯುನಿಟಿ ಟ್ಯಾಂಕ್ ಎನ್ನುವ ತೊಟ್ಟಿಯಲ್ಲಿ ಸಿಕ್ಲಿಡ್ ಮರಿ ಮಾಡಿಸುವುದು ಕಷ್ಟದ ಕೆಲಸವಲ್ಲ. ಮಾಡಿದ ಮೇಲೆ ಆ ತೊಟ್ಟಿಯನ್ನು ಎಲ್ಲರ ಮನೆಯಾಗಿ ಉಳಿಸಿಕೊಳ್ಳುವುದು ಕಷ್ಟ.

ಆ ಮಮತೆ ಎಷ್ಟರಮಟ್ಟಿನದು ಎಂಬುದಕ್ಕೆ ಆಸ್ಟ್ರಿಯದ ಪ್ರಾಣಿವರ್ತನ ವಿಜ್ಞಾನಿ, 1973ರಲ್ಲಿ ನೊಬೆಲ್ ಪಡೆದ ಕಾನ್ರಾಡ್ ಲೊರೆಂಜ್ ಬರೆದಿಟ್ಟಿರುವ ಪ್ರಸಂಗವೊಂದಿದೆ. ಕತ್ತಲಾಗುವ ಹೊತ್ತು. ಆಫ್ರಿಕದ ಜ್ಯುವೆಲ್ ಸಿಕ್ಲಿಡ್ ಗಂಡೊಂದು ದಾರಿ ತಪ್ಪಿದ ಮರಿಗಳನ್ನು ಬಾಯಲ್ಲಿ ಕಚ್ಚಿ ಗೂಡಿಗೆ ಸೇರಿಸುತ್ತಿತ್ತು. ಲೊರೆಂಜ್ ಎರೆಹುಳುವಿನ ತುಂಡು ಹಾಕಿದರು. ಗಂಡು ಅದನ್ನು ಬಾಯಿಗೆ ತುಂಬಿಕೊಂಡು ಅಗಿಯುವಷ್ಟರಲ್ಲಿ ಒಂಟಿ ಮರಿಯೊಂದು ಕಣ್ಣಿಗೆ ಬಿತ್ತು. ಓಡಿ ಹೋಗಿ ಅದನ್ನೂ ಬಾಯಿಗೆ ಹಾಕಿಕೊಂಡಿತು. ಈಗ ಬಾಯಲ್ಲಿ ಎರಡು ವಸ್ತು, ಒಂದು ಹೊಟ್ಟೆಗೆ ಹೋಗಬೇಕಾದ್ದು, ಇನ್ನೊಂದು ಗೂಡಿಗೆ. ಮೀನು ಕೆಲವು ಕ್ಷಣ ಅಲ್ಲಾಡದೆ ನಿಂತಿತು. ಆಮೇಲೆ ಎರಡನ್ನೂ ಉಗುಳಿ, ಮರಿಯ ಮೇಲೊಂದು ಕಣ್ಣಿಟ್ಟುಕೊಂಡೇ ನಿಧಾನವಾಗಿ ಹುಳು ತಿಂದು ಮುಗಿಸಿ, ಮರಿಯನ್ನು ಮತ್ತೆ ಬಾಯಿಗೆ ಸೇರಿಸಿಕೊಂಡು ತಾಯಿಯ ಹತ್ತಿರ ಬಿಟ್ಟು ಬಂದಿತು. ನೋಡುತ್ತ ನಿಂತಿದ್ದ ವಿದ್ಯಾರ್ಥಿಗಳು ಚಪ್ಪಾಳೆ ತಟ್ಟಿದರಂತೆ.

ಹಲವು ಜಾತಿಯ ಮೀನುಗಳಿರುವ ಮನೆಯ ಟ್ಯಾಂಕಿನಲ್ಲಿ ಈ ನಾಟಕ ನೋಡಬೇಕೆನ್ನುವವರಿಗೆ ಜ್ಯುವೆಲ್ ತಕ್ಕ ಆಯ್ಕೆಯಲ್ಲ, ಅದರ ಸಿಟ್ಟು ವಿಪರೀತ. ಮಧ್ಯ ಅಮೆರಿಕದ, ಮೈಮೇಲೆ ಕಪ್ಪು ಪಟ್ಟೆಯಿರುವ ಕಾನ್ವಿಕ್ಟ್ ಸಿಕ್ಲಿಡ್ ಯಾವ ನೀರಿನಲ್ಲಿ ಬಿಟ್ಟರೂ ಮೊಟ್ಟೆಯಿಡುತ್ತದೆ ಎಂಬ ಖ್ಯಾತಿ ಪಡೆದಿದೆ. ಆದರೆ ಮೊಟ್ಟೆಯಿಟ್ಟ ದಿನದಿಂದ ಮೂರಡಿ ಟ್ಯಾಂಕಿಗೆ ಅದೇ ಒಡೆಯ. ಇದ್ದವುಗಳಲ್ಲಿ ಸಮಾಧಾನದ ಮೀನೆಂದರೆ ಕ್ರಿಬೆನ್ಸಿಸ್, ಸಾಕುವವರ ಬಾಯಲ್ಲಿ ಬರೀ ಕ್ರಿಬ್.

ಕ್ರಿಬ್ ನೈಜೀರಿಯದ ದಕ್ಷಿಣ ಭಾಗದ, ನೈಜರ್ ನದೀಮುಖದ ಸುತ್ತಮುತ್ತಲಿನ ಹೊಳೆ ತೋಡುಗಳ ಮೀನು. ಗಂಡು 10 ಸೆಂಟಿಮೀಟರ್ ಮುಟ್ಟಿದರೆ ಹೆಚ್ಚು, ಹೆಣ್ಣು ಅದಕ್ಕಿಂತ ಗಿಡ್ಡ, ದುಂಡಗೆ. ಮೊಟ್ಟೆಯಿಡುವ ಕಾಲಕ್ಕೆ ಹೆಣ್ಣಿನ ಹೊಟ್ಟೆಗೆ ನೇರಳೆ ಹಣ್ಣಿನ ಬಣ್ಣ ಏರುತ್ತದೆ. ಇಲ್ಲಿ ಪ್ರಣಯಕ್ಕೆ ಮುಂದಾಗುವುದೂ ಹೆಣ್ಣೇ. ಗಂಡಿನ ಮುಂದೆ ಮೈ ಬಾಗಿಸಿ, ಹೊಟ್ಟೆ ತೋರಿಸಿ, ಮೈಯೆಲ್ಲ ನಡುಗಿಸುತ್ತ ಗುಹೆಯ ಕಡೆ ಕರೆದೊಯ್ಯುತ್ತದೆ. ಆ ಗುಹೆಗೆ ದುಬಾರಿ ಅಲಂಕಾರ ಬೇಕಿಲ್ಲ. ಕಣ್ಣಿನ ಜಾಗದಲ್ಲಿ ಮೀನು ತೂರುವಷ್ಟು ತೂತು ಮಾಡಿ ಚೆನ್ನಾಗಿ ಕುದಿಸಿದ ಅರ್ಧ ತೆಂಗಿನ ಚಿಪ್ಪನ್ನು ಮರಳಿನ ಮೇಲೆ ಕವುಚಿದರೆ ಸಾಕು. ಬಾಯಿ ಕಿರಿದಾದಷ್ಟೂ ಅವಕ್ಕೆ ಇಷ್ಟ. ಉಳಿದ ಮರಳನ್ನು ಅವೇ ಬಾಯಲ್ಲಿ ತುಂಬಿ ತಂದು ಹೊರಗೆ ಉಗುಳಿ, ಬಾಣಂತಿ ಕೋಣೆ ಸಜ್ಜು ಮಾಡುವಂತೆ ಒಳಗನ್ನು ಹದಗೊಳಿಸಿಕೊಳ್ಳುತ್ತವೆ.

ಮೊಟ್ಟೆ ಅಂಟುವುದು ಚಿಪ್ಪಿನ ಒಳಮಾಳಿಗೆಗೆ, ನೂರರಿಂದ ಮುನ್ನೂರರವರೆಗೆ. ಅಲ್ಲಿಂದ ಮುಂದೆ ಕೆಲಸ ಹಂಚಿಕೆ ಸ್ಪಷ್ಟ. ಹೆಣ್ಣು ಒಳಗೆ, ಗಂಡು ಹೊರಗೆ. ನೀರಿನ ಉಷ್ಣತೆ 26–27 ಡಿಗ್ರಿ ಇದ್ದರೆ ಸುಮಾರು ಮೂರು ದಿನಕ್ಕೆ ಮೊಟ್ಟೆ ಒಡೆಯುತ್ತದೆ. ಒಡೆದು ಬಂದವಕ್ಕೆ ಈಜಲು ಬರುವುದಿಲ್ಲ, ಹೊಟ್ಟೆಗೆ ಕಟ್ಟಿಕೊಂಡ ಬಂಡಾರದ ಚೀಲವನ್ನೇ ಕರಗಿಸಿಕೊಂಡು ನೆಲದಲ್ಲಿ ಬಿದ್ದಿರುತ್ತವೆ. ವಾರ ಕಳೆಯುವ ಹೊತ್ತಿಗೆ ಒಂದು ಮುಂಜಾನೆ ತಾಯಿ ಮರಿಗಳ ಮೋಡವನ್ನೇ ಹೊರಡಿಸಿಕೊಂಡು ಚಿಪ್ಪಿನಿಂದ ಆಚೆ ಬರುತ್ತದೆ. ತಂದೆತಾಯಿ ರೆಕ್ಕೆಯಿಂದ ಮರಳು ಕೆದಕಿ ತಿನ್ನಲು ಎಬ್ಬಿಸಿಕೊಡುತ್ತವೆ, ದೊಡ್ಡ ತುಣುಕು ಸಿಕ್ಕರೆ ಅಗಿದು ಮರಿಗಳ ನಡುವೆ ಉಗುಳುತ್ತವೆ. ಅಪಾಯ ಕಂಡರೆ ತಾಯಿ ಮೈ ಒದರುತ್ತದೆ. ಒಡನೆಯೇ ಮರಿಗಳೆಲ್ಲ ನೆಲಕ್ಕೆ ಅಂಟಿಕೊಂಡು ಮರಳಿನ ಬಣ್ಣದಲ್ಲಿ ಮಾಯವಾಗುತ್ತವೆ. ಕತ್ತಲಾದರೆ ಹಿಂಡು ಮತ್ತೆ ಚಿಪ್ಪಿನೊಳಕ್ಕೆ.

ಕ್ರಿಬ್‌ನ ಇನ್ನೊಂದು ವಿಶೇಷವನ್ನು ಇಲ್ಲಿಯೇ ಹೇಳಬೇಕು. ಮರಿ ಗಂಡಾಗುವುದೋ ಹೆಣ್ಣಾಗುವುದೋ ಎಂಬುದರಲ್ಲಿ ನೀರಿನ ಪಿಎಚ್‌ಗೂ ಪಾಲಿದೆ. ಆಮ್ಲೀಯ ನೀರಿನಲ್ಲಿ ಬೆಳೆದ ಸಂಸಾರದಲ್ಲಿ ಗಂಡು ಹೆಚ್ಚು, ತಟಸ್ಥ ಅಥವಾ ಕ್ಷಾರೀಯ ನೀರಿನಲ್ಲಿ ಹೆಣ್ಣು ಹೆಚ್ಚು. ಬೋರ್‌ವೆಲ್ಲಿನ ಕ್ಷಾರೀಯ ನೀರಿನಲ್ಲೇ ಸಾಕುವ ಮನೆಯವರಿಗೆ ಕೊಡಲು ಹೆಚ್ಚಾಗಿ ಹೆಣ್ಣು ಮರಿಗಳೇ ಉಳಿದರೆ ಆಶ್ಚರ್ಯವಿಲ್ಲ.

ನೀರಿನ ವಿಷಯ ಬಂದಿತು. ಬೆಂಗಳೂರಿನ ಹಲವು ಬಡಾವಣೆಗಳ ಬೋರ್‌ವೆಲ್ ನೀರು ಗಡಸು. ನಲ್ಲಿಯಲ್ಲಿ ಬರುವ ಕಾವೇರಿ ನೀರು ಅದಕ್ಕಿಂತ ಮೆದು, ಆದರೆ ಕ್ಲೋರಿನ್ ಬೆರೆತದ್ದು. ಕ್ಲೋರಿನ್ ಕಿವಿರನ್ನೂ ಸುಡುತ್ತದೆ, ಫಿಲ್ಟರಿನಲ್ಲಿ ಬೀಡುಬಿಟ್ಟ ಒಳ್ಳೆಯ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ. ಹಾಗಾಗಿ ನೀರನ್ನು ಒಂದು ದಿನ ಬಕೆಟ್ಟಿನಲ್ಲಿ ಗಾಳಿಯಾಡಿಸಿ ಇಡಬೇಕು, ಇಲ್ಲವೇ ಆ್ಯಂಟಿ ಕ್ಲೋರಿನ್ ಹನಿ ಹಾಕಬೇಕು. ಕ್ರಿಬ್ ಎರಡೂ ಬಗೆಯ ನೀರಿಗೆ ಒಗ್ಗುತ್ತದೆ. ಗಡಸು ನೀರಿನ ಪಿಎಚ್ ಸಾಮಾನ್ಯವಾಗಿ ಹೆಚ್ಚು, ಅದರ ನಿಜವಾದ ಅಪಾಯ ಬೇರೆ. ಮೀನಿನ ಹೇಲು, ಉಳಿದ ಆಹಾರ ಕೊಳೆತು ಹುಟ್ಟುವ ಅಮೋನಿಯಾ, ನೀರಿನ ಪಿಎಚ್ ಏರಿದಷ್ಟೂ ಹೆಚ್ಚು ವಿಷವಾಗುತ್ತದೆ. ಮರಿಗಳಿಗೆಂದು ದಿನಕ್ಕೆ ನಾಲ್ಕು ಸಲ ಆಹಾರ ಸುರಿಯುವ ಉತ್ಸಾಹಿಗಳ ಟ್ಯಾಂಕಿನಲ್ಲಿ ಹಿಂಡಿಗೆ ಹಿಂಡೇ ಒಂದು ರಾತ್ರಿಯಲ್ಲಿ ಸಾಯುವುದು ಬಹುಪಾಲು ಇದರಿಂದಲೇ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸುವುದು ಯಾವ ಔಷಧಿಗಿಂತಲೂ ಮೇಲು. ಮಂಗಳೂರಿನವರಿಗೆ ಹೀಟರ್ ಬೇಕಾಗುವುದು ಅಪರೂಪ. ಬೆಂಗಳೂರು, ಮಡಿಕೇರಿಯವರು ಡಿಸೆಂಬರ್ ರಾತ್ರಿಗಳಲ್ಲಿ ಹೀಟರ್ ಇಲ್ಲದೆ ಮೊಟ್ಟೆ ಒಡೆಯುತ್ತದೆಂದು ಕಾಯಬಾರದು.

ಇನ್ನು ನೆರೆಹೊರೆ. ಕ್ರಿಬ್ ಆಳುವುದು ತಳವನ್ನು. ಹಾಗಾಗಿ ಮೇಲೆ, ನಡುವೆ ಈಜುವ ಚುರುಕಿನ ಮೀನುಗಳು ಅದರ ಜತೆ ಬದುಕಿಕೊಳ್ಳುತ್ತವೆ. ಭಾರತದ್ದೇ ಆದ ಜೀಬ್ರಾ ಡೇನಿಯೊ, ಸ್ವೋರ್ಡ್‌ಟೇಲ್, ರೇನ್‌ಬೋ ಮೀನು, ಸಾಧು ಸ್ವಭಾವದ ಬಾರ್ಬ್‌ಗಳು ಇಂಥವು. ತಳದಲ್ಲೇ ಕೆದಕುತ್ತ ಓಡಾಡುವ ಕೋರಿಡೊರಾಸ್‌ಗೆ ಮಾತ್ರ ಗಡಿರೇಖೆ ತಿಳಿಯದು. ಎಷ್ಟು ಹೊಡೆತ ತಿಂದರೂ ಮತ್ತೆ ಗೂಡಿನ ಮೇಲೆಯೇ ಹಾದು ಹೋಗುತ್ತದೆ, ಕೆಲವೊಮ್ಮೆ ಕಣ್ಣು ಕಳೆದುಕೊಳ್ಳುತ್ತದೆ. ಗಾಜು ಸ್ವಚ್ಛ ಮಾಡುತ್ತದೆಂದು ಅಂಗಡಿಯವರು ದಾಟಿಸುವ ಸಕ್ಕರ್ ಮೀನು ರಾತ್ರಿ ಸಿಕ್ಲಿಡ್ ನಿದ್ದೆ ಹೋದಾಗ ಮೊಟ್ಟೆಯ ಗೂಡನ್ನೂ ಸ್ವಚ್ಛ ಮಾಡುತ್ತದೆ.

ಹಾಗಾದರೆ ಜೋಡಿಯನ್ನು ಒಂಟಿಯಾಗಿ ಇಟ್ಟರೆ ಹೇಗೆ? ಇಲ್ಲಿ ಹೊಸಬರಿಗೆ ಅಚ್ಚರಿಯ ಸಂಗತಿಯೊಂದಿದೆ. ಸುತ್ತ ಯಾರೂ ಇಲ್ಲದಿದ್ದರೆ ಗಂಡಿಗೆ ಓಡಿಸಲು ಶತ್ರುವಿಲ್ಲ, ಆ ಸಿಟ್ಟೆಲ್ಲ ಹೆಂಡತಿಯ ಮೇಲೆ ತಿರುಗುತ್ತದೆ. ನಾಲ್ಕಾರು ಡೇನಿಯೊ ಮೇಲೆ ಓಡಾಡುತ್ತಿದ್ದರೆ ದಂಪತಿ ಒಗ್ಗಟ್ಟಾಗಿರುತ್ತವೆ. ಮೇಲಿನ ಮೀನುಗಳು ನಿರ್ಭಯವಾಗಿ ಈಜುವುದನ್ನು ಕಂಡು ಅಂಜುಬುರುಕ ಸಿಕ್ಲಿಡ್‌ಗಳೂ ಬಿಲದಿಂದ ಹೊರಬರುತ್ತವೆ. ಕಮ್ಯುನಿಟಿ ಟ್ಯಾಂಕು ಸಂಸಾರಕ್ಕೆ ಅಡ್ಡಿ ಎನ್ನುವವರು ಮರೆಯುವುದು ಇದನ್ನೇ. ಬೇಕಾದದ್ದು ಜಾಗ. ಮೂರಡಿ ಉದ್ದ, ಒಂದಡಿ ಅಗಲ, ಒಂದೂವರೆ ಅಡಿ ಎತ್ತರದ, ಸುಮಾರು 125 ಲೀಟರಿನ ಟ್ಯಾಂಕಿನಲ್ಲಿ ಒಂದು ಜೋಡಿ, ಒಂದೇ ಜೋಡಿ. ಗೂಡು ಒಂದು ತುದಿಯಲ್ಲಿರಲಿ, ನಡುವೆ ಮರದ ಬೇರು, ಗಿಡ ನಿಲ್ಲಿಸಿ ಕಣ್ಣಿಗೆ ಮರೆ ಮಾಡಿದರೆ ಇನ್ನೊಂದು ತುದಿ ಮಿಕ್ಕವರಿಗೆ ಉಳಿಯುತ್ತದೆ.

ಏಂಜೆಲ್‌ನ ಕತೆ ಬೇರೆ. ಅಮೆಜಾನ್ ಬಯಲಿನ ಈ ಮೀನನ್ನು ಚೆನ್ನೈನ ಕೊಳತ್ತೂರಿನ ಸಾಕಣೆದಾರರು ತೊಟ್ಟಿಗಟ್ಟಲೆ ಬೆಳೆಸಿ ಊರೂರಿಗೆ ಕಳಿಸುತ್ತಾರೆ. ಮರಿಯಾಗಿದ್ದಾಗ ನಿಯಾನ್ ಟೆಟ್ರಾಗಳ ಜತೆ ಚಂದವಾಗಿ ಕಾಣುತ್ತದೆ, ಬೆಳೆದ ಮೇಲೆ ಆ ಟೆಟ್ರಾಗಳೇ ಅದರ ಊಟ. ಗಂಡು ಹೆಣ್ಣು ಗುರುತಿಸುವುದು ಮೊಟ್ಟೆಯಿಡುವ ಹೊತ್ತಿನವರೆಗೂ ಕಷ್ಟ. ಆದ್ದರಿಂದ ಆರು ಮರಿ ತಂದು ಒಟ್ಟಿಗೆ ಬೆಳೆಸಿ, ಅವೇ ಜೋಡಿ ಆರಿಸಿಕೊಳ್ಳಲಿ ಎಂದು ಬಿಡುವುದು ರೂಢಿ. ಕೆಲವೊಮ್ಮೆ ಎರಡು ಹೆಣ್ಣುಗಳೇ ಜೋಡಿಯಾಗಿ, ಇಬ್ಬರೂ ಮೊಟ್ಟೆಯಿಟ್ಟು, ಇಬ್ಬರೂ ಶ್ರದ್ಧೆಯಿಂದ ಕಾಯುವುದುಂಟು. ಮರುದಿನ ಅಷ್ಟೂ ಮೊಟ್ಟೆ ಬೆಳ್ಳಗಾಗುತ್ತದೆ. ಸರಿಯಾದ ಜೋಡಿಯಾದರೆ ಅಗಲ ಎಲೆಯ ಮೇಲೋ ನಿಲ್ಲಿಸಿದ ಕಡಪ ಕಲ್ಲಿನ ಮೇಲೋ ಹೆಣ್ಣು ಸಾಲುಸಾಲಾಗಿ ಮೊಟ್ಟೆ ಅಂಟಿಸುತ್ತ ಹೋಗುತ್ತದೆ, ಹಿಂದೆಯೇ ಗಂಡು ಅದರ ಮೇಲೆ ಹಾದು ಬರುತ್ತದೆ. ಎರಡು ಎರಡೂವರೆ ದಿನಕ್ಕೆ ಮೊಟ್ಟೆ ಒಡೆಯುತ್ತದೆ.

ಒಡೆಯುವವರೆಗೆ ಉಳಿದರೆ. ಹೊಸ ಜೋಡಿ ಮೊದಮೊದಲ ಮೊಟ್ಟೆಗಳನ್ನು ತಾನೇ ತಿನ್ನುವುದು ಮಾಮೂಲು. ಸುತ್ತ ಮೀನುಗಳ ಓಡಾಟ ಹೆಚ್ಚಾಗಿ ಗಾಬರಿಯಾದರೂ ತಿನ್ನುತ್ತದೆ. ವ್ಯಾಪಾರಿಗಳು ಇದಕ್ಕೆ ಕಂಡುಕೊಂಡ ಉಪಾಯವೆಂದರೆ, ಮೊಟ್ಟೆ ಅಂಟಿದ ಕಲ್ಲನ್ನೇ ಎತ್ತಿ ಮೆಥಿಲೀನ್ ಬ್ಲೂ ಎಂಬ ನೀಲಿ ಔಷಧಿ ಹಾಕಿದ ಬೇರೆ ತೊಟ್ಟಿಯಲ್ಲಿಟ್ಟು, ತಾಯಿ ಬೀಸಬೇಕಾದ ಗಾಳಿಯನ್ನು ಏರ್ ಪಂಪಿನಿಂದ ಬೀಸುವುದು. ಹೀಗೆ ತಲೆಮಾರುಗಟ್ಟಲೆ ತಾಯಿಯಿಲ್ಲದೆ ಬೆಳೆದ ತಳಿಗಳಿಗೆ ತಾಯ್ತನವೇ ಮರೆತುಹೋಗಿದೆ ಎಂಬುದು ಹಳೆಯ ಸಾಕಣೆದಾರರ ದೂರು. ಲೆಕ್ಕಕ್ಕೆ ಮರಿ ಸಿಗುತ್ತವೆ, ನಿಜ. ಆದರೆ ಸಿಕ್ಲಿಡ್ ಸಾಕುವುದೇ ಪಾಲನೆ ನೋಡಲು ಎಂದಾದರೆ ಏರ್ ಪಂಪನ್ನು ನೋಡುತ್ತ ಕೂರುವುದರಲ್ಲಿ ಏನಿದೆ?

ಆಫ್ರಿಕದ ಮಲಾವಿ ಸರೋವರದ ಹಳದಿ, ನೀಲಿ ಸಿಕ್ಲಿಡ್‌ಗಳದ್ದು ಮತ್ತೊಂದೇ ದಾರಿ. ಹೆಣ್ಣು ಮೊಟ್ಟೆಯಿಟ್ಟ ಕೂಡಲೇ ಅದನ್ನು ಬಾಯಿಗೆ ತುಂಬಿಕೊಳ್ಳುತ್ತದೆ, ಗಂಡಿಗೆ ಅದನ್ನು ಫಲಗೊಳಿಸಲು ಅವಕಾಶವೇ ಇಲ್ಲದಷ್ಟು ಬೇಗ. ಗಂಡಿನ ಗುದರೆಕ್ಕೆಯ ಮೇಲೆ ಮೊಟ್ಟೆಯದೇ ಗಾತ್ರದ, ಮೊಟ್ಟೆಯದೇ ಬಣ್ಣದ ಚುಕ್ಕೆಗಳಿವೆ. ಬಿಟ್ಟುಹೋದ ಮೊಟ್ಟೆಯೆಂದು ಹೆಣ್ಣು ಅದಕ್ಕೆ ಬಾಯಿ ಹಾಕಿದಾಗ ಗಂಡು ವೀರ್ಯ ಬಿಡುತ್ತದೆ, ಬಾಯೊಳಗೇ ಮೊಟ್ಟೆ ಫಲಿಸುತ್ತದೆ. ಚುಕ್ಕೆಗಳ ಈ ಕೆಲಸವನ್ನು ಪ್ರಾಣಿವರ್ತನ ವಿಜ್ಞಾನಿ ವುಲ್ಫ್‌ಗಾಂಗ್ ವಿಕ್ಲರ್ 1962ರಲ್ಲಿ ವಿವರಿಸಿದರು. ಮುಂದೆ ಸುಮಾರು ಮೂರು ವಾರ ತಾಯಿ ಹೆಚ್ಚುಕಡಿಮೆ ಉಪವಾಸ. ಗಂಟಲು ಉಬ್ಬಿಸಿಕೊಂಡು, ಆಹಾರ ಹಾಕಿದರೂ ಮುಖ ತಿರುಗಿಸುವ ಹೆಣ್ಣು ಕಂಡರೆ ಬಾಯಲ್ಲಿ ಮರಿಯಿದೆಯೆಂದು ತಿಳಿಯಬೇಕು. ನಮ್ಮ ಕೆರೆಯ ಜಿಲೇಬಿ ಮೀನಿನ ಹೆಣ್ಣೂ ಹೀಗೆಯೇ ಬಾಯಲ್ಲಿ ಮರಿ ಮಾಡುತ್ತದೆ. ಅದು ಇಷ್ಟೊಂದು ಹಬ್ಬಲು ಇದೂ ಒಂದು ಕಾರಣ.

ಇಷ್ಟು ಭದ್ರ ವ್ಯವಸ್ಥೆಗೂ ಕನ್ನ ಹಾಕುವವರುಂಟು. ಟ್ಯಾಂಗನೀಕ ಸರೋವರದ ಕೋಗಿಲೆ ಕ್ಯಾಟ್‌ಫಿಶ್, ಸಿಕ್ಲಿಡ್ ಮೊಟ್ಟೆಯಿಡುವ ಗಳಿಗೆಗೆ ಸರಿಯಾಗಿ ನುಗ್ಗಿ ತನ್ನ ಮೊಟ್ಟೆಗಳನ್ನೂ ಅಲ್ಲಿ ಉದುರಿಸುತ್ತದೆ. ಗಡಿಬಿಡಿಯಲ್ಲಿ ಸಿಕ್ಲಿಡ್ ತಾಯಿ ಎಲ್ಲವನ್ನೂ ಬಾಯಿಗೆ ಸೇರಿಸಿಕೊಳ್ಳುತ್ತದೆ. ಮೊದಲು ಒಡೆದ ಕ್ಯಾಟ್‌ಫಿಶ್ ಮರಿಗಳು ಬಾಯೊಳಗೇ ಸಿಕ್ಲಿಡ್ ಮರಿಗಳನ್ನು ತಿಂದು ಮುಗಿಸುತ್ತವೆ. ಜಪಾನಿನ ಸಂಶೋಧಕ ಸಾಟೊ 1986ರಲ್ಲಿ ಇದನ್ನು ವರದಿ ಮಾಡಿದಾಗ ಮೀನುಗಳಲ್ಲಿಯೂ ಕೋಗಿಲೆಯ ಬುದ್ಧಿಯಿದೆ ಎಂದು ಲೋಕಕ್ಕೆ ತಿಳಿಯಿತು. ಸಾಕುವವರ ಮಟ್ಟಿಗೆ ಹೇಳುವುದಾದರೆ, ಮಲಾವಿ ಮೀನುಗಳಿಗೆ ಮಲಾವಿ ಮೀನುಗಳದ್ದೇ ಟ್ಯಾಂಕು ಇರಲಿ, ಒಂದು ಗಂಡಿಗೆ ಮೂರು ನಾಲ್ಕು ಹೆಣ್ಣು ಇರಲಿ. ಬೋರ್‌ವೆಲ್ಲಿನ ಗಡಸು ನೀರು ಅವಕ್ಕೆ ಹೇಳಿ ಮಾಡಿಸಿದ್ದು.

ನಮ್ಮ ನೆಲದ ಸಿಕ್ಲಿಡ್‌ಗಳನ್ನು ಇಲ್ಲಿನ ಹವ್ಯಾಸಿಗಳೇ ಮರೆತಿರುವುದು ವಿಚಿತ್ರ. ಭಾರತದ ಮೂಲನಿವಾಸಿ ಸಿಕ್ಲಿಡ್‌ಗಳು ಮೂರೇ. ಕೇರಳದವರು ಕರಿಮೀನ್ ಎಂದು ಬಾಳೆ ಎಲೆಯಲ್ಲಿ ಸುಟ್ಟು ತಿನ್ನುವ ಪರ್ಲ್‌ಸ್ಪಾಟ್ ಒಂದು. ಅಂಗೈಗಿಂತ ಚಿಕ್ಕದಾದ, ಹಳದಿ ಬಣ್ಣದ ಆರೆಂಜ್ ಕ್ರೋಮೈಡ್ ಎರಡನೆಯದು. ಇದರ ಮರಿಗಳು ತಂದೆತಾಯಿಯ ಮೈಗೆ ಮೂತಿ ತಾಗಿಸಿ ಅಲ್ಲಿನ ಲೋಳೆ ತಿನ್ನುತ್ತವೆ. ಡಿಸ್ಕಸ್ ಮರಿಗಳೂ ಮೊದಲ ವಾರಗಳಲ್ಲಿ ಹೀಗೆಯೇ ಬೆಳೆಯುವುದು. ಆರೆಂಜ್ ಕ್ರೋಮೈಡ್ ಮರಿಗಳು ದೊಡ್ಡ ಪರ್ಲ್‌ಸ್ಪಾಟ್‌ಗಳ ಮೈಮೇಲಿನ ಪರೋಪಜೀವಿಗಳನ್ನು ಹೆಕ್ಕಿ ಶುಚಿ ಮಾಡುವುದನ್ನೂ ಸಂಶೋಧಕರು 1970ರ ದಶಕದಲ್ಲೇ ದಾಖಲಿಸಿದ್ದಾರೆ. ಮೂರನೆಯದು ಕೆನರಾ ಪರ್ಲ್‌ಸ್ಪಾಟ್, 1877ರಲ್ಲಿ ಮೀನುತಜ್ಞ ಫ್ರಾನ್ಸಿಸ್ ಡೇ ವಿವರಿಸಿದ ಮೀನು. ದಕ್ಷಿಣ ಕನ್ನಡದ ನೇತ್ರಾವತಿ, ಕುಮಾರಧಾರಾ ಹೊಳೆಗಳ ಕಡೆಯದು, ಅಳಿವಿನಂಚಿನ ಪಟ್ಟಿಯಲ್ಲಿದೆ.

ಮರಿಗಳ ಊಟದ ವಿಷಯದಲ್ಲಿ ಹೆಚ್ಚು ಹೇಳಬೇಕಿಲ್ಲ. ಉಪ್ಪು ನೀರಿನಲ್ಲಿ ಒಂದು ಒಂದೂವರೆ ದಿನಕ್ಕೆ ಒಡೆಯುವ, ಸಿಗಡಿಯಂಥ ಪುಟ್ಟ ಜೀವಿಯಾದ ಆರ್ಟೀಮಿಯಾದ ಮರಿ ಬಹುತೇಕ ಎಲ್ಲ ಸಿಕ್ಲಿಡ್ ಮರಿಗಳಿಗೂ ಆಗುತ್ತದೆ. ಅದಿಲ್ಲವಾದರೆ ನುಣ್ಣಗೆ ಪುಡಿ ಮಾಡಿದ ಆಹಾರ. ಫಿಲ್ಟರ್ ಬಾಯಿಗೆ ಸ್ಪಾಂಜ್ ಕಟ್ಟದಿದ್ದರೆ ಮರಿಗಳೇ ಫಿಲ್ಟರಿಗೆ ಊಟ.

ಇಷ್ಟೆಲ್ಲ ಮಾಡಿದರೂ ಕಮ್ಯುನಿಟಿ ಟ್ಯಾಂಕಿನಲ್ಲಿ ಇನ್ನೂರು ಮರಿಗಳಲ್ಲಿ ಐದೋ ಹತ್ತೋ ಉಳಿಯುತ್ತವೆ. ರಾತ್ರಿ ಒಂದೊಂದಾಗಿ ಬಾರ್ಬ್‌ಗಳ ಪಾಲಾಗುತ್ತವೆ. ಸಾಕಿದವರಿಗೆ ಕರುಳು ಚುರ್ರೆನ್ನುವುದು ಸಹಜ. ಬಹಳ ಜನ ಮರಿಗಳನ್ನೆಲ್ಲ ಪೈಪಿನಿಂದ ಎಳೆದು ಬೇರೆ ತೊಟ್ಟಿಗೆ ಹಾಕಿ ಎಲ್ಲವನ್ನೂ ಉಳಿಸಲು ಹೊರಡುತ್ತಾರೆ. ಹೊರಡುವ ಮುನ್ನ ಲೆಕ್ಕ ಹಾಕುವುದು ಒಳ್ಳೆಯದು. ಮರಿ ತೆಗೆದ ಕೆಲವೇ ವಾರಗಳಲ್ಲಿ ಜೋಡಿ ಮತ್ತೆ ಮೊಟ್ಟೆಯಿಡುತ್ತದೆ. ವರ್ಷ ಮುಗಿಯುವಷ್ಟರಲ್ಲಿ ಬೆರಳುದ್ದದ ನೂರಾರು ಮೀನುಗಳು, ಅದೂ ಒಂದೇ ತಾಯಿಯ ಮಕ್ಕಳು, ಮನೆ ತುಂಬಿರುತ್ತವೆ. ನೆರೆಯವರು ಎರಡು ಒಯ್ಯುತ್ತಾರೆ, ಅಂಗಡಿಯವರು ಹತ್ತಿಪ್ಪತ್ತು ಒಯ್ಯಬಹುದು. ಹೊಳೆಯಲ್ಲಿಯೂ ಇನ್ನೂರಕ್ಕೆ ಇನ್ನೂರೂ ಉಳಿಯುವುದಿಲ್ಲ. ಮನೆಯ ಟ್ಯಾಂಕಿನಲ್ಲಿ ಐದು ಮರಿ ತಾಯಿತಂದೆಯ ಬೆನ್ನಿಗೆ ಬೆಳೆದು ದೊಡ್ಡದಾದರೆ ಅದು ಪೂರ್ತಿ ಯಶಸ್ಸು.

ಮಿಕ್ಕ ಮರಿಗಳನ್ನು ಕರುಣೆಯ ಹೆಸರಿನಲ್ಲಿ ಕೆರೆಗೆ ಬಿಡುವ ಚಾಳಿಯಂತೂ ನಿಲ್ಲಲೇಬೇಕು. ಟ್ಯಾಂಕಿಗೆ ದೊಡ್ಡದಾಯಿತೆಂದು ಬಿಟ್ಟ ಸಕ್ಕರ್ ಮೀನು ದೇಶದ ಎಷ್ಟೋ ಕೆರೆ ನದಿಗಳಲ್ಲಿ ಮೀನುಗಾರರ ಬಲೆ ಹರಿಯುತ್ತಿದೆ. ಹೊರಗಿನ ಒಂದು ಮೀನು ಏನು ಮಾಡಬಲ್ಲದು ಎಂಬುದಕ್ಕೆ ಸಿಕ್ಲಿಡ್‌ಗಳ ತವರೇ ಸಾಕ್ಷಿ. ವಿಕ್ಟೋರಿಯಾ ಸರೋವರಕ್ಕೆ 1950ರ ದಶಕದಲ್ಲಿ ನೈಲ್ ಪರ್ಚ್ ಬಿಟ್ಟರು, 1980ರ ದಶಕದ ಹೊತ್ತಿಗೆ ಅಲ್ಲಿನ ನೂರಾರು ಸಿಕ್ಲಿಡ್ ಪ್ರಭೇದಗಳು ಕಣ್ಮರೆಯಾದವು. ನೇತ್ರಾವತಿಯ ಕೆನರಾ ಪರ್ಲ್‌ಸ್ಪಾಟ್‌ಗೆ ಇರುವ ನೆಲೆಯೇ ಬಹಳ ಚಿಕ್ಕದು. ಆದ್ದರಿಂದ ಕ್ರಿಬ್ ಜೋಡಿ ಮನೆಗೆ ತರುವ ಮುನ್ನವೇ ಮರಿ ಕೊಳ್ಳುವ ಅಂಗಡಿಯೊಂದನ್ನು ಮಾತಾಡಿಸಿಟ್ಟುಕೊಳ್ಳಿ. ಕೊಳ್ಳುವವರು ಯಾರೂ ಸಿಗದಿದ್ದರೆ ಮುಂದಿನ ಸಲ ಚಿಪ್ಪಿನ ಗುಹೆಯನ್ನು ಟ್ಯಾಂಕಿನಿಂದ ತೆಗೆದುಬಿಡಿ. ಮರೆಯ ಜಾಗ ಸಿಗದ ಕ್ರಿಬ್ ಮೊಟ್ಟೆಯಿಡುವುದು ಅಪರೂಪ.